ವೆಬ್ ಪುಟದ ತಲೆಬರಹದಲ್ಲಿ ‘ಇಲ್ಲ’ ಎಂಬುದು ಬಾಲದಲ್ಲಿ ಇರತಕ್ಕದ್ದಲ್ಲ

ಉಪ ನಿರ್ದೇಶಕರ ಕಾರ್ಯಾಲಯ
(ಆಡಳಿತ, ಉಗ್ರಾಣ, ಪೀಠೋಪಕರಣ, ಪ್ರಕಟಣೆ ಹಾಗೂ ಬೇರೆ ಶಾಖೆಯವರು ಒಲ್ಲೆವೆಂದ ಇತರೆ ವಿಷಯಗಳು)

ಸಂಖ್ಯೆ: ಉನಿಕಾ/ತಲೆಬರಹ/ಕುರ್ಚಿ/೩೯
ದಿನಾಂಕ: ಹದಿನಾಲ್ಕು ಅಥವಾ ಹದಿನೈದು (ಕ್ಯಾಲೆಂಡರ್ ಅಂಟಿಸಿದ್ದ ಬೀರು ಸ್ಥಳದಲ್ಲಿ ಇರುವುದಿಲ್ಲ)

ಸುತ್ತೋಲೆ

ವಿಷಯ: ಇಲಾಖೆಯ ವೆಬ್‌ಸೈಟಿನ ಪುಟಗಳಿಗೆ, ಹುಡುಕಿದವರಿಗೆ ಸಿಗುವಂತೆಯೂ ಸಿಕ್ಕವರು ತಪ್ಪು ತಿಳಿಯದಂತೆಯೂ ತಲೆಬರಹ ಬರೆಯುವ ಕುರಿತು, ಹಾಗೂ ಗುತ್ತಿಗೆ ಆಧಾರದ ಬೆರಳಚ್ಚುಗಾರ್ತಿಯನ್ನು ಕೆಲಸದಲ್ಲಿ ಉಳಿಸಿಕೊಳ್ಳುವ ಅಥವಾ ಮನೆಗೆ ಕಳಿಸುವ ಕುರಿತು.

ಉಲ್ಲೇಖ:
೧. ಈ ಕಚೇರಿಯ ಪ್ರಕಟಣೆ (ಪರಿಷ್ಕೃತ), (ಅಂತಿಮ), (ಅಂತಿಮ-೨), (ಇದೇ ಅಂತಿಮ).
೨. ಕಚೇರಿ ಅಧೀಕ್ಷಕರು ಬೆಳಿಗ್ಗೆ ೧೧.೦೫ಕ್ಕೆ ಬಾಗಿಲಲ್ಲಿ ನಿಂತು ಹಾಕಿದ ಕೂಗು (ಮೌಖಿಕ).
೩. ಬೆರಳಚ್ಚುಗಾರ್ತಿಯ ಲಿಖಿತ ಹೇಳಿಕೆ.

ಪ್ರಸ್ತಾವನೆ

ಕಚೇರಿಗೆ ಹೊಸ ಕುರ್ಚಿಗಳು ಬರುತ್ತವೆಂಬ ಗಾಳಿಸುದ್ದಿ ಹಬ್ಬಿ, ಹಳೆಯದನ್ನು ನಮಗೆ ಕೊಡಿ ಎಂದು ಅಕ್ಕಪಕ್ಕದ ಬೀದಿಯವರು ದಿನಂಪ್ರತಿ ಬಂದು ಪೀಡಿಸುತ್ತಿದ್ದುದನ್ನು ತಪ್ಪಿಸುವ ಸದುದ್ದೇಶದಿಂದ, ಇಲಾಖೆಯ ವೆಬ್‌ಸೈಟಿನಲ್ಲಿ ಹೊಸ ಪುಟವೊಂದನ್ನು ತೆರೆದು ಅದಕ್ಕೆ ಈ ಕೆಳಕಂಡ ತಲೆಬರಹವನ್ನು ನೀಡಲಾಗಿತ್ತು:

“ನಮ್ಮ ಕಚೇರಿಯ ಕುರ್ಚಿ, ಮೇಜು ಹಾಗೂ ಬೀರುಗಳನ್ನು ಬಂದು ಕೇಳಿದ ಸಾರ್ವಜನಿಕರಿಗೆ ಉಚಿತವಾಗಿ ಕೊಡಲಾಗುವುದಿಲ್ಲ.”

ಸದರಿ ವಾಕ್ಯವನ್ನು ಕೆಳಗೆ ಸಹಿ ಮಾಡಿರುವವರೇ ಖುದ್ದು ರಚಿಸಿದ್ದು, ವ್ಯಾಕರಣದಲ್ಲಿ ಯಾವುದೇ ದೋಷ ಇರಲಿಲ್ಲ. ಆದರೆ ಹುಡುಕು ಯಂತ್ರವು (ಸರ್ಚ್ ಎಂಜಿನ್) ತನ್ನಲ್ಲಿ ಜಾಗ ಸಾಲದೆಂಬ ನೆಪವೊಡ್ಡಿ ಮೂವತ್ತೊಂಬತ್ತು ಅಕ್ಷರಗಳನ್ನು ಮಾತ್ರ ತೋರಿಸಿ, ಉಳಿದ ‘ದಿ’ ಮತ್ತು ‘ಲ್ಲ’ ಎಂಬ ಎರಡು ಅಕ್ಷರಗಳನ್ನು ನುಂಗಿ, ಅವುಗಳ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿರುತ್ತದೆ. ಪರಿಣಾಮವಾಗಿ ಊರಿನ ಸಮಸ್ತರ ಫೋನುಗಳಲ್ಲಿ “ಉಚಿತವಾಗಿ ಕೊಡಲಾಗುವು…” ಎಂದು ಕಾಣಿಸಿಕೊಂಡಿದ್ದು, ಮುಂದಿನ ‘ದು’ ಅನ್ನು ಸಾರ್ವಜನಿಕರು ಸ್ವಂತ ಜವಾಬ್ದಾರಿಯ ಮೇಲೆ ಸೇರಿಸಿಕೊಂಡಿರುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು.

ಅದೇ ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ ಮೂರು ಕೈಗಾಡಿ, ಒಂದು ಟೆಂಪೊ ಹಾಗೂ ಲೆಕ್ಕವಿಲ್ಲದಷ್ಟು ಸಂಬಂಧಿಕರೊಂದಿಗೆ ಆಗಮಿಸಿದ ಸಾರ್ವಜನಿಕರು ಹನ್ನೆರಡು ಕುರ್ಚಿಗಳ ಪೈಕಿ ಹನ್ನೊಂದನ್ನೂ, ನಾಲ್ಕು ಬೀರುಗಳ ಪೈಕಿ ನಾಲ್ಕನ್ನೂ ಅತ್ಯಂತ ಶಿಸ್ತಿನಿಂದ ಸರತಿ ಸಾಲಿನಲ್ಲಿ ನಿಂತು ಒಯ್ದಿರುತ್ತಾರೆ. ಹೋಗುವಾಗ “ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರಲಿ” ಎಂದು ಹರಸಿಯೂ ಇರುತ್ತಾರೆ. ಮೂಲೆ ಅಂಗಡಿಯ ಕ್ಷೌರಿಕರೊಬ್ಬರೇ ನಾಲ್ಕು ಕುರ್ಚಿ ಒಯ್ದಿದ್ದು, ವಿಚಾರಿಸಲಾಗಿ, “ಪುಕ್ಕಟೆ ಸಿಕ್ರೆ ನಂಗೂ ಒಂದಿರ್ಲಿ, ನಮ್ಮಪ್ಪಂಗೂ ಒಂದಿರ್ಲಿ ಅಂತಾರಲ್ಲ ಸಾರ್, ನಂಗೆ ಇಬ್ರು ಚಿಕ್ಕಪ್ಪಂದಿರೂ ಇದಾರೆ” ಎಂದು ಲೆಕ್ಕ ಒಪ್ಪಿಸಿರುತ್ತಾರೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಒಯ್ದ ಬೀರುವಿನಲ್ಲಿ ಈ ಕಚೇರಿಯ ಒಂಬತ್ತು ವರ್ಷಗಳ ಕಡತಗಳಿದ್ದವು. ಅಜ್ಜಿಯವರು ಅವನ್ನು ಓದುತ್ತಿರುವುದಾಗಿಯೂ, ಇಷ್ಟು ದಿನ ಯಾಕೆ ಏನೂ ಮಾಡಲಿಲ್ಲವೆಂದು ಕೇಳಿ ಕಳಿಸಿರುವುದಾಗಿಯೂ ತಿಳಿದುಬಂದಿದೆ.

ಮೇಲ್ಕಂಡ ಕಾರಣಗಳಿಂದ, ತಲೆಬರಹ ಬರೆಯುವಲ್ಲಿ ಶಿಸ್ತು ತರುವುದು ಅತ್ಯವಶ್ಯವೆಂದು ಮನಗಂಡು, ಎಲ್ಲ ಸಿಬ್ಬಂದಿಯು ಈ ಕೆಳಗಿನ ನಿಯಮಗಳನ್ನು ಚಾಚೂತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಈ ಸುತ್ತೋಲೆಯನ್ನು ನಿಂತುಕೊಂಡೇ ಬರೆಯಲಾಗಿದ್ದು, ಅಕ್ಷರಗಳು ಒಂದು ಕಡೆಗೆ ವಾಲಿದ್ದಲ್ಲಿ ಸಹಕರಿಸುವುದು.

ನಿಯಮಗಳು

೧. ಕನ್ನಡದಲ್ಲಿ ‘ಇಲ್ಲ’ ಎಂಬುದು ವಾಕ್ಯದ ಬಾಲದಲ್ಲಿ ಬರುವುದು ರೂಢಿ. ಅರ್ಜಿದಾರರಿಗೆ ಕೊನೆಯವರೆಗೂ ಆಸೆ ಇರಲಿ ಎಂಬ ದಯೆಯಿಂದ ಹಿರಿಯರು ಹೀಗೆ ಮಾಡಿರಬಹುದು. ಇನ್ನು ಮುಂದೆ ಈ ದಯೆಯನ್ನು ಹಿಂಪಡೆಯಲಾಗಿದೆ. ಎಲ್ಲ ತಲೆಬರಹಗಳಲ್ಲಿಯೂ ‘ಇಲ್ಲ’ ಎಂಬುದನ್ನು ಬಾಲದಿಂದ ಬಿಚ್ಚಿ ತಲೆಗೆ ಕಟ್ಟತಕ್ಕದ್ದು.

೨. ನಿಯಮ ೧ನ್ನು ಕೂಡಲೇ ಜಾರಿಗೊಳಿಸಿದ ಅಧೀಕ್ಷಕರು “ಇಲ್ಲ, ಮೇಜು ಕೊಡಲಾಗುವುದು” ಎಂದು ಹೊಸ ತಲೆಬರಹ ಪ್ರಕಟಿಸಿರುತ್ತಾರೆ. ಇದನ್ನು ಓದಿದ ಕ್ಷೌರಿಕರು, “ನೋಡಿ, ಕೊಡಲ್ಲ ಅಂತ ಯಾರೋ ಸುಳ್ಳು ಹಬ್ಬಿಸಿದ್ರು, ಇಲ್ಲ ಇಲ್ಲ ಕೊಡ್ತೀವಿ ಅಂತ ಆಫೀಸ್ನೋರೇ ಹಾಕಿದಾರೆ” ಎಂದು ಬೀದಿಯಲ್ಲೆಲ್ಲ ಸಾರಿದ್ದರಿಂದ, ಮಧ್ಯಾಹ್ನದೊಳಗೆ ಒಂದೇ ಒಂದನ್ನು ಬಿಟ್ಟು ಮೇಜುಗಳೂ ಹೋಗಿರುತ್ತವೆ. ಆದ್ದರಿಂದ ‘ಇಲ್ಲ’ ಎಂಬುದರ ಮುಂದೆ ಅಲ್ಪವಿರಾಮ ಹಾಕುವುದನ್ನು ನಿಷೇಧಿಸಲಾಗಿದೆ. ಪೂರ್ಣವಿರಾಮ ಹಾಕಿ, ಉಸಿರು ಬಿಟ್ಟು, ನಂತರ ಮುಂದುವರಿಯತಕ್ಕದ್ದು.

೩. ತಲೆಬರಹವು ಮೂವತ್ತೊಂಬತ್ತು ಅಕ್ಷರ ಮೀರತಕ್ಕದ್ದಲ್ಲ. ಒತ್ತಕ್ಷರವನ್ನು ಒಂದೆಂದು ಎಣಿಸಬೇಕೋ ಎರಡೆಂದು ಎಣಿಸಬೇಕೋ ಎಂಬ ಬಗ್ಗೆ ಸಿಬ್ಬಂದಿಯಲ್ಲಿ ಎರಡು ಬಣಗಳಾಗಿ, ಒಬ್ಬರ ಊಟದ ಡಬ್ಬಿಯನ್ನು ಇನ್ನೊಬ್ಬರು ಮುಟ್ಟದ ಮಟ್ಟಕ್ಕೆ ಹೋಗಿದ್ದರಿಂದ, ಕೆಳಗಿನ ಒತ್ತನ್ನು ಮೇಲಿನ ಅಕ್ಷರದ ‘ಅವಲಂಬಿತ ಕುಟುಂಬ ಸದಸ್ಯ’ ಎಂದು ಪರಿಗಣಿಸಿ, ಇಬ್ಬರಿಗೂ ಸೇರಿ ಒಂದೇ ಎಣಿಕೆ ಎಂದು ತೀರ್ಮಾನಿಸಲಾಗಿದೆ. ‘ಸ್ತ್ರೀ’ ಎಂಬ ಅಕ್ಷರದಲ್ಲಿ ಎರಡು ಅವಲಂಬಿತರು ಇರುವುದರಿಂದ ವಿಶೇಷ ಅನುಮತಿ ಪಡೆಯತಕ್ಕದ್ದು.

೪. ಮುಖ್ಯವಾದ ಪದ ಮೊದಲು ಬರತಕ್ಕದ್ದು. ಅಧಿಕಾರಿಗಳ ಪದನಾಮ ಮುಖ್ಯವಾದ ಪದವಲ್ಲ. (ಈ ನಿಯಮವನ್ನು ಕೆಳಗೆ ಸಹಿ ಮಾಡಿರುವವರು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬರೆದಿರುವುದನ್ನು ದಾಖಲಿಸಲಾಗಿದೆ. ತಮ್ಮ ಪದನಾಮವನ್ನು ಆವರಣ ಸಮೇತ ಹಾಕಿದರೆ ಯಂತ್ರದಲ್ಲಿ ಇತರ ಅಕ್ಷರಗಳಿಗೆ ನಿಲ್ಲಲೂ ಜಾಗ ಉಳಿಯುವುದಿಲ್ಲವೆಂದು ಪ್ರಯೋಗದಿಂದ ತಿಳಿದುಬಂದಿದೆ.)

೫. ಪ್ರತಿ ಪುಟಕ್ಕೂ ಅದರದೇ ತಲೆಬರಹ ಇರತಕ್ಕದ್ದು. ಸದ್ಯ ಇಲಾಖೆಯ ಇನ್ನೂರ ಹದಿನೆಂಟು ಪುಟಗಳಿಗೂ ‘ಮುಖಪುಟ’ ಎಂದೇ ತಲೆಬರಹವಿದೆ. ಇಷ್ಟೊಂದು ಮುಖ ಇರುವುದು ಇಲಾಖೆಗೆ ಶೋಭೆಯಲ್ಲ. ಒಂದನ್ನು ಉಳಿಸಿ ಉಳಿದ ಇನ್ನೂರ ಹದಿನೇಳು ಮುಖಗಳನ್ನು ಶುಕ್ರವಾರದೊಳಗೆ ಹಿಂದಿರುಗಿಸತಕ್ಕದ್ದು.

೬. ಜನ ಯಾವ ಪದ ಹುಡುಕುತ್ತಾರೋ ಆ ಪದವನ್ನೇ ಬಳಸತಕ್ಕದ್ದು. ಈ ಸಂಬಂಧ ಜವಾನರನ್ನು ಮೂರು ದಿನ ಚಹಾದಂಗಡಿಯ ಮುಂದೆ ನಿಲ್ಲಿಸಿ ಸಮೀಕ್ಷೆ ನಡೆಸಲಾಗಿದೆ. ‘ಪೀಠೋಪಕರಣ’ ಎಂಬ ಪದವನ್ನು ಮೂರು ದಿನಗಳಲ್ಲಿ ಯಾರೂ ಉಚ್ಚರಿಸಿರುವುದಿಲ್ಲ. ಒಬ್ಬರು ಉಚ್ಚರಿಸಲು ಹೋಗಿ ಬಿಸ್ಕತ್ತು ಗಂಟಲಿಗೆ ಸಿಕ್ಕಿಸಿಕೊಂಡಿರುತ್ತಾರೆ. ಅಲ್ಲದೆ ಸಾರ್ವಜನಿಕರು ‘ಕುರ್ಚಿ’ಯನ್ನು ಖುರ್ಚಿ, ಕುರುಚಿ, ಕುಚ್ರಿ ಎಂದೆಲ್ಲ ಮನಬಂದಂತೆ ಬರೆದು ಹುಡುಕುತ್ತಿದ್ದು, ಯಂತ್ರಕ್ಕೆ ತೊಂದರೆಯಾಗುತ್ತಿದೆ. ಆದ್ದರಿಂದ ಅಧಿಕೃತ ತಪ್ಪುಗಳ ಪಟ್ಟಿಯೊಂದನ್ನು ಸಿದ್ಧಪಡಿಸಲಾಗಿದೆ. ಸಾರ್ವಜನಿಕರು ತಪ್ಪು ಮಾಡುವುದಿದ್ದಲ್ಲಿ ಆ ಪಟ್ಟಿಯಲ್ಲಿರುವ ತಪ್ಪನ್ನೇ ಮಾಡತಕ್ಕದ್ದು. ಹೊಸ ತಪ್ಪು ಮಾಡಲು ಇಚ್ಛಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

೭. ಒಂದೇ ಪದವನ್ನು ತಲೆಬರಹದಲ್ಲಿ ಮತ್ತೆ ಮತ್ತೆ ತುರುಕತಕ್ಕದ್ದಲ್ಲ. ಒಯ್ದದ್ದನ್ನು ಹಿಂದಿರುಗಿಸುವಂತೆ ಕೋರುವ ಪುಟಕ್ಕೆ ಅಧೀಕ್ಷಕರು “ಕುರ್ಚಿ ಕುರ್ಚಿ ಕುರ್ಚಿ ಎಲ್ಲಿ ಕುರ್ಚಿ ಬನ್ನಿ ಕುರ್ಚಿ” ಎಂದು ತಲೆಬರಹ ಕೊಟ್ಟಿದ್ದರಿಂದ, ಯಂತ್ರವು ಇದನ್ನು ಕುರ್ಚಿಯಾಟದ ಸ್ಪರ್ಧೆ ಎಂದು ತಿಳಿದು ಮಕ್ಕಳ ಆಟೋಟದ ಪಟ್ಟಿಗೆ ಸೇರಿಸಿರುತ್ತದೆ. ಮಂಗಳವಾರ ಹನ್ನೊಂದು ಮಕ್ಕಳು, ಒಬ್ಬ ದೈಹಿಕ ಶಿಕ್ಷಕರು ಹಾಗೂ ಒಂದು ಪೀಪಿ ಕಚೇರಿಗೆ ಆಗಮಿಸಿರುತ್ತವೆ. ಕುರ್ಚಿ ಇಲ್ಲವೆಂದು ತಿಳಿಸಿದಾಗ ಮಕ್ಕಳು, “ಹಂಗಾದ್ರೆ ಎಲ್ಲಾರೂ ಔಟು!” ಎಂದು ಕೂಗಿದ್ದು, ನಿಂತಿದ್ದ ಸಿಬ್ಬಂದಿಯೆಲ್ಲರೂ ಅದನ್ನು ವೈಯಕ್ತಿಕವಾಗಿ ತೆಗೆದುಕೊಂಡಿರುತ್ತಾರೆ.

೮. ‘ತಲೆಬರಹ’ ಮತ್ತು ‘ಹಣೆಬರಹ’ ಬೇರೆ ಬೇರೆ. ಮೊದಲನೆಯದನ್ನು ತಿದ್ದಲು ಅವಕಾಶವಿದೆ.

೯. ಮೂರು ಚುಕ್ಕಿಗಳ ಬಗ್ಗೆ: ನುಂಗಿದ ‘ದಿ’ ಮತ್ತು ‘ಲ್ಲ’ ಅಕ್ಷರಗಳನ್ನು ಹಿಂದಿರುಗಿಸುವಂತೆ ಹುಡುಕು ಯಂತ್ರಕ್ಕೆ ನೋಟಿಸು ಜಾರಿ ಮಾಡಿ, ಬುಧವಾರ ಹನ್ನೊಂದಕ್ಕೆ ಖುದ್ದು ಹಾಜರಾಗಲು ತಿಳಿಸಲಾಗಿತ್ತು. ನೋಟಿಸನ್ನು ಎಲ್ಲಿ ಮುಟ್ಟಿಸಬೇಕೆಂದು ತಿಳಿಯದೆ ಜವಾನರು ಅದನ್ನು ಕಂಪ್ಯೂಟರಿನ ಪರದೆಗೆ ಅಂಟಿಸಿದ್ದು, ಅಂದಿನಿಂದ ಪರದೆಯ ಅರ್ಧ ಭಾಗ ಕಾಣುತ್ತಿರಲಿಲ್ಲ. ಯಂತ್ರವು ಹಾಜರಾಗಲಿಲ್ಲ. ಮೂರು ಸಲ ಹೆಸರು ಹಿಡಿದು ಕೂಗಿಸಲಾಯಿತು. ಪಕ್ಕದ ಕಚೇರಿಯಿಂದ ಯಾರೋ “ಇಲ್ಲ” ಎಂದು ಓಗೊಟ್ಟಿದ್ದು, ಅದನ್ನು ಯಂತ್ರದ ಉತ್ತರವೆಂದು ಪರಿಗಣಿಸಲು ಸಾಧ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

ಹೊಣೆಗಾರಿಕೆ ನಿಗದಿ

೧೦. ಇಷ್ಟೆಲ್ಲ ಆದ ಮೇಲೆ ಯಾರನ್ನಾದರೂ ಹೊಣೆ ಮಾಡಲೇಬೇಕಾದ್ದು ಆಡಳಿತದ ಧರ್ಮ. ಯಂತ್ರ ಕೈಗೆ ಸಿಗಲಿಲ್ಲ. ಸಾರ್ವಜನಿಕರು ಬಹಳ ಮಂದಿ. ವಾಕ್ಯ ರಚಿಸಿದವರು ಉಪ ನಿರ್ದೇಶಕರು. ಹೀಗಾಗಿ ಅದನ್ನು ಟೈಪು ಮಾಡಿದ ಗುತ್ತಿಗೆ ಬೆರಳಚ್ಚುಗಾರ್ತಿಯನ್ನು (ಕಚೇರಿಯಲ್ಲಿ ‘ಟೈಪಕ್ಕ’ ಎಂದು ಪರಿಚಿತರು) ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು. ಇವರು ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲಿದ್ದು, ಪ್ರತಿ ಹನ್ನೊಂದು ತಿಂಗಳಿಗೆ ಒಂದು ದಿನ ಕೆಲಸದಿಂದ ತೆಗೆದು ಮರುದಿನ ಸೇರಿಸಿಕೊಳ್ಳುವ ಪದ್ಧತಿ ಇದೆ. ಈ ಬಾರಿ ತೆಗೆದ ಮೇಲೆ ಸೇರಿಸಿಕೊಳ್ಳುವುದೋ ಬೇಡವೋ ಎಂಬುದು ಪ್ರಶ್ನೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಇವರೊಬ್ಬರದೇ ದುಡಿಮೆ ಎಂಬ ಅಂಶವನ್ನು ಕಡತದಲ್ಲಿ ಗಮನಿಸಲಾಗಿದೆ. ಗಮನಿಸಿ ಪುಟ ತಿರುಗಿಸಲಾಗಿದೆ.

೧೧. ಸದರಿ ಟೈಪಕ್ಕನವರ ಲಿಖಿತ ಹೇಳಿಕೆಯನ್ನು, ಅದರ ಭಾಷೆ ಕಚೇರಿಗೆ ಒಪ್ಪತಕ್ಕದ್ದಲ್ಲದಿದ್ದರೂ, ಯಥಾವತ್ತಾಗಿ ಕೆಳಗೆ ನಕಲು ಮಾಡಲಾಗಿದೆ:

“ಸಾರ್, ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಟೈಪ್ ಮಾಡಿದೀನಿ. ದಿಲ್ಲ ಕೂಡ ಹಾಕಿದೀನಿ, ಬೇಕಿದ್ರೆ ಪುಟ ತೆಗೆದು ನೋಡಿ. ಇಷ್ಟುದ್ದ ಬೇಡ ಸಾರ್, ‘ಕುರ್ಚಿ ಕೊಡಲ್ಲ’ ಅಂತ ಹಾಕಿದ್ರೆ ಸಾಕು, ಜನಕ್ಕೆ ಅರ್ಥ ಆಗತ್ತೆ ಅಂತ ಆವತ್ತೇ ಹೇಳಿದ್ದೆ. ಅದು ಬೀದಿ ಭಾಷೆ ಅಂದ್ರಿ. ಜನ ಬಂದಾಗ ನಾನೊಬ್ಳೇ ಇದ್ದೆ. ಕೊಡಲ್ಲ ಕಣ್ರೀ, ಪೂರ್ತಿ ಓದ್ರೀ ಅಂತ ಗಂಟಲು ಹರ್ಕೊಂಡೆ. ಎಲ್ಲಾರೂ ಫೋನು ನನ್ನ ಮುಖಕ್ಕೇ ಹಿಡಿದ್ರು. ಆದ್ರೆ ಸಾರ್, ಒಳ್ಳೆ ಜನ. ನನ್ನ ಕುರ್ಚಿ ಹತ್ರ ಬಂದ ಆ ಕಟಿಂಗ್ ಅಂಗಡಿಯೋರು, ‘ಇದ್ರಲ್ಲಿ ಅಕ್ಕ ಕೂತಿದಾರೆ, ಕೆಲಸ ಮಾಡ್ತಿದಾರೆ, ಇದು ಬೇಡ, ಖಾಲಿ ಇರೋವು ಮಾತ್ರ ತಗೊಳ್ಳೋಣ’ ಅಂದ್ರು.”

೧೨. ಮೇಲಿನ ಹೇಳಿಕೆಯ ಕೊನೆಯ ವಾಕ್ಯವು ವಿಚಾರಣೆಗೆ ಅನವಶ್ಯಕವಾಗಿದ್ದು, ಅದರಿಂದ ಉದ್ಭವಿಸುವ ಪ್ರಶ್ನೆಗಳನ್ನು ಯಾರೂ ಕೇಳತಕ್ಕದ್ದಲ್ಲವೆಂದು ಸೂಚಿಸಲಾಗಿದೆ. ಆದಾಗ್ಯೂ, ಕೆಲಸದ ದಿನದಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಹನ್ನೆರಡರಲ್ಲಿ ಹನ್ನೊಂದು ಕುರ್ಚಿಗಳು ಯಾಕೆ ಖಾಲಿ ಇದ್ದವೆಂದು ಆ ಬೀರುವಿನ ಅಜ್ಜಿಯವರು ಈಗಾಗಲೇ ಕೇಳಿಬಿಟ್ಟಿರುವುದರಿಂದ, ಉತ್ತರಿಸುವುದು ಅನಿವಾರ್ಯವಾಗಿದೆ. ಹತ್ತು ಮಂದಿ ಚಹಾಕ್ಕೆ ಹೋಗಿದ್ದರು. ಉಪ ನಿರ್ದೇಶಕರು ಚಹಾಕ್ಕೆ ಹೋದವರನ್ನು ಕರೆತರಲು ಹೋಗಿದ್ದರು. ಅಲ್ಲಿ ಬೋಂಡಾ ಬಿಸಿಯಾಗಿತ್ತು.

೧೩. ಆದರೂ ಶಿಸ್ತು ಶಿಸ್ತೇ. ಆದ್ದರಿಂದ ಟೈಪಕ್ಕನವರು “ತಪ್ಪು ನನ್ನದೇ ಎಂದು ಒಪ್ಪಿಕೊಂಡು ಕ್ಷಮೆ ಕೋರುವಿರಾ?” ಎಂಬ ಪ್ರಶ್ನೆಗೆ ಉತ್ತರವನ್ನು ಒಂದು ವೆಬ್ ಪುಟದ ರೂಪದಲ್ಲಿ, ಮೇಲ್ಕಂಡ ನಿಯಮಗಳಂತೆ ಸರಿಯಾದ ತಲೆಬರಹದೊಂದಿಗೆ, ಗುರುವಾರ ಸಂಜೆ ಐದರೊಳಗೆ ಪ್ರಕಟಿಸತಕ್ಕದ್ದೆಂದೂ, ತಲೆಬರಹದಲ್ಲಿ ಒಂದೇ ಒಂದು ನಿಯಮ ಉಲ್ಲಂಘನೆಯಾದರೂ ಶುಕ್ರವಾರದಿಂದ ಬರಬೇಕಾಗಿಲ್ಲವೆಂದೂ ತಿಳಿಸಲಾಗಿತ್ತು. ಇದೇ ಪರೀಕ್ಷೆಯನ್ನು ಸಮಾನತೆಯ ದೃಷ್ಟಿಯಿಂದ ಎಲ್ಲ ಕಾಯಂ ನೌಕರರಿಗೂ ವಿಧಿಸಿ, ಹತ್ತು ನಲವತ್ತಕ್ಕೆ ತಾವೆಲ್ಲಿದ್ದಿರೆಂಬ ಬಗ್ಗೆ ತಲಾ ಒಂದು ಪುಟ ಬರೆಯಿಸಲಾಯಿತು.

೧೪. ಕಾಯಂ ನೌಕರರ ತಲೆಬರಹಗಳ ಫಲಿತಾಂಶ: ಅಧೀಕ್ಷಕರ ತಲೆಬರಹವು “ಬೆಳಿಗ್ಗೆ ಹತ್ತು ನಲವತ್ತರ ಸದರಿ ವೇಳೆಯಲ್ಲಿ ನಾನು ಕರ್ತವ್ಯದ ಸ್ಥಳದಲ್ಲಿ ಉಪಸ್ಥಿತನಿದ್ದು ಚಹಾ ಕುಡಿಯುತ್ತಿರಲಿಲ್ಲ” ಎಂದಿದ್ದು, ಯಂತ್ರದಲ್ಲಿ “ಚಹಾ ಕುಡಿಯುತ್ತಿ…” ಎಂಬಲ್ಲಿಗೆ ನಿಂತಿದೆ. ಇಬ್ಬರದು ‘ಮುಖಪುಟ’. ಒಬ್ಬರದು ‘ಮುಖಪುಟ (ಇದೇ ಅಂತಿಮ)’. ಉಳಿದವರು ಪರಸ್ಪರ ನೋಡಿ ಬರೆದಿದ್ದು, ನೋಡಿದವರ ಹೆಸರನ್ನೂ ಸೇರಿಸಿ ನಕಲು ಮಾಡಿರುತ್ತಾರೆ. ಉಪ ನಿರ್ದೇಶಕರದು ಪದನಾಮದಲ್ಲಿಯೇ ಮುಗಿದುಹೋಗಿದೆ.

೧೫. ಟೈಪಕ್ಕನವರು ಗುರುವಾರ ನಾಲ್ಕು ಐವತ್ತೆಂಟಕ್ಕೆ, ಪರದೆಗೆ ಅಂಟಿಸಿದ್ದ ನೋಟಿಸನ್ನು ಮಡಚಿಟ್ಟು, ಪ್ರಕಟಿಸಿದ ಪುಟದ ತಲೆಬರಹ ಈ ಕೆಳಗಿನಂತಿದೆ:

“ಇಲ್ಲ.”

೧೬. ಸದರಿ ತಲೆಬರಹವನ್ನು ಮೂವರು ಅಧಿಕಾರಿಗಳು ಬಾಗಿಲು ಹಾಕಿಕೊಂಡು ಒಂದೂವರೆ ಗಂಟೆ ಪರಿಶೀಲಿಸಿದರು. ಇಲ್ಲ ಎಂಬುದು ಮೊದಲೇ ಬಂದಿದೆ. ಮುಂದೆ ಅಲ್ಪವಿರಾಮವಿಲ್ಲ, ಪೂರ್ಣವಿರಾಮವಿದೆ. ಎರಡೇ ಅಕ್ಷರ, ಒಬ್ಬ ಅವಲಂಬಿತ. ಪದನಾಮವಿಲ್ಲ. ಬೇರೆ ಯಾವ ಪುಟಕ್ಕೂ ಈ ತಲೆಬರಹವಿಲ್ಲ. ಯಾವ ಪದವನ್ನೂ ತುರುಕಿಲ್ಲ. ಜವಾನರ ಓದು ಬಾರದ ತಾಯಿಯವರಿಗೂ ಓದಿ ಹೇಳಲಾಗಿ, ಒಂದೇ ಸಲಕ್ಕೆ ಅರ್ಥವಾಗಿದೆ; “ಸರಿಯಾಗೇ ಹೇಳಿದಾಳೆ ಬಿಡಿ” ಎಂದಿರುತ್ತಾರೆ. ಯಂತ್ರದಲ್ಲಿ ಹುಡುಕಲಾಗಿ, ಇಡೀ ಇಲಾಖೆಯಲ್ಲಿ ಚುಕ್ಕಿಗಳಿಲ್ಲದೆ ಪೂರ್ತಿ ಕಾಣಿಸಿಕೊಂಡು, ಬರೆದವರ ಅರ್ಥವನ್ನೇ ಓದಿದವರಿಗೆ ಮುಟ್ಟಿಸಿದ ಏಕೈಕ ತಲೆಬರಹ ಇದಾಗಿದೆ.

೧೭. ಇದು ಉದ್ಧಟತನವೆಂದು ಅಧೀಕ್ಷಕರು ವಾದಿಸಿದರು. ಯಾವ ನಿಯಮದ ಉಲ್ಲಂಘನೆ ಎಂದು ಕೇಳಲಾಗಿ ನಿಯಮಗಳನ್ನು ಒಂದರಿಂದ ಮತ್ತೆ ಓದತೊಡಗಿದರು. ಕೆಳಗೆ ಸಹಿ ಮಾಡಿರುವವರು ಇನ್ನೊಂದು ವಿಷಯವನ್ನೂ ಗಮನಿಸಿರುತ್ತಾರೆ, ಮತ್ತು ಈ ಬಾರಿ ಪುಟ ತಿರುಗಿಸಿರುವುದಿಲ್ಲ. ಈ ಕಚೇರಿಯಲ್ಲಿ ‘ಇಲ್ಲ’ ಎನ್ನುವ ಅಧಿಕಾರ ಹನ್ನೊಂದು ಮಂದಿಗಿದ್ದು, ಎಲ್ಲರೂ ಅದನ್ನು ದಿನಕ್ಕೆ ನೂರು ಸಲ ಚಲಾಯಿಸುತ್ತಾರೆ. ಟೈಪಕ್ಕನವರು ಹನ್ನೊಂದು ವರ್ಷದಿಂದ ಪ್ರತಿಯೊಬ್ಬರ ‘ಇಲ್ಲ’ವನ್ನೂ ಟೈಪು ಮಾಡಿಕೊಟ್ಟಿದ್ದಾರೆ. ತಮ್ಮದೆಂದು ಒಂದನ್ನು ಬರೆದದ್ದು ಇದೇ ಮೊದಲು. ಅದನ್ನು ಓದಿದಾಗ ಕೆಳಗೆ ಸಹಿ ಮಾಡಿರುವವರಿಗೆ ನಾಚಿಕೆಯಾಯಿತೆಂದು ಸ್ಪಷ್ಟ ಮಾತಿನಲ್ಲಿ ದಾಖಲಿಸಲಾಗಿದೆ. ವಾಕ್ಯ ನನ್ನದು, ತಪ್ಪೂ ನನ್ನದು.

೧೮. ಆದ್ದರಿಂದ ಈ ಮೂಲಕ ಆದೇಶಿಸುವುದೇನೆಂದರೆ: ಟೈಪಕ್ಕನವರನ್ನು, ನಡುವೆ ಒಂದು ದಿನವೂ ತೆಗೆಯದೆ, ಕೆಲಸದಲ್ಲಿ ಮುಂದುವರಿಸಲಾಗಿದೆ. ಈ ವಾಕ್ಯ ಇಲ್ಲಿಗೆ ಪೂರ್ತಿ. ಇದರ ಮುಂದೆ ಯಾವ ಅಕ್ಷರವನ್ನೂ ಯಾವ ಯಂತ್ರವೂ ನುಂಗಿರುವುದಿಲ್ಲ.

ಸಹಿ/-
(ನಿಂತುಕೊಂಡು)
ಉಪ ನಿರ್ದೇಶಕರು
(ಆವರಣದೊಳಗಿನದನ್ನು ನಿಯಮ ೪ರ ಮೇರೆಗೆ ಕೈಬಿಡಲಾಗಿದೆ)

ಪ್ರತಿಗಳು:

೧. ಕಚೇರಿ ಅಧೀಕ್ಷಕರಿಗೆ, ಎರಡು ಪ್ರತಿ. ಒಂದು ಓದಲು, ಒಂದು ನೆಲಕ್ಕೆ ಹಾಸಿಕೊಂಡು ಕೂರಲು.
೨. ಮೂಲೆ ಅಂಗಡಿಯ ಕ್ಷೌರಿಕರಿಗೆ. ಕೆಳಗೆ ಸಹಿ ಮಾಡಿರುವವರು ಶನಿವಾರ ಕಟಿಂಗಿಗೆ ಬರಲಿದ್ದು, ತಮ್ಮದೇ ಕುರ್ಚಿಯಲ್ಲಿ ಕೂರಿಸುವಂತೆ ಕೋರಲಾಗಿದೆ.
೩. ಪಕ್ಕದ ಬೀದಿಯ ಅಜ್ಜಿಯವರಿಗೆ, ಬೀರುವಿನ ಕೀಲಿ ಸಹಿತ. ಓದಿ ಮುಗಿದ ಕಡತಗಳ ಮೇಲೆ ತಮ್ಮ ಅಭಿಪ್ರಾಯ ಬರೆದು ಕಳಿಸುವುದು. ಅದರಂತೆ ಕ್ರಮ ಕೈಗೊಳ್ಳಲಾಗುವುದು.
೪. ದೈಹಿಕ ಶಿಕ್ಷಕರಿಗೆ. ಪೀಪಿ ಇಲ್ಲಿಯೇ ಉಳಿದಿದೆ.
೫. ಹುಡುಕು ಯಂತ್ರಕ್ಕೆ, ದಯವಿಟ್ಟು ಕೊನೆಯವರೆಗೂ ಓದಲು.
೬. ಟೈಪಕ್ಕನವರಿಗೆ, ಮಾಹಿತಿಗಾಗಿ. ನಾಳೆ ಎಂದಿನಂತೆ ಹತ್ತಕ್ಕೆ ಬರುವುದು. ಉಳಿದವರೂ ಹತ್ತಕ್ಕೇ ಬರುತ್ತಾರೆ.